ಐದು ನಿಮಿಷದ ಲೆಕ್ಕ

ಎಷ್ಟು ಹೊತ್ತಿಂದ ಮೊಬೈಲು ಹಿಡಿದಿದ್ದೀಯ ಎಂದು ಯಾವ ಹುಡುಗನನ್ನು ಕೇಳಿದರೂ ಉತ್ತರ ಒಂದೇ: "ಈಗ ತಗಂಡೆ, ಐದ್ ನಿಮಿಷಾನೂ ಆಗಿಲ್ಲ." ನಮ್ಮ ಹೊಳಲ್ಕೆರೆ ಸೀಮೆಯ ತಾಳ್ಯದಲ್ಲಿ ಆ ಐದು ನಿಮಿಷದೊಳಗೆ ತ್ರೀಫೇಸ್ ಕರೆಂಟು ಬಂದು, ತೋಟಕ್ಕೆಲ್ಲ ನೀರು ಹಾದು, ಕರೆಂಟು ಹೋಗಿಯೂ ಆಗಿರುತ್ತದೆ.

ನಗಬೇಡಿ, ವಿಜ್ಞಾನ ಮುಗ್ಗರಿಸಿದ್ದೂ ಈ ಐದು ನಿಮಿಷದ ಮೇಲೆಯೇ. ಮೊಬೈಲಿನಿಂದ ಮೆದುಳಿನ ಗೆಡ್ಡೆ ಬರುತ್ತದೆಯೇ ಎಂದು ತಿಳಿಯಲು 13 ದೇಶಗಳಲ್ಲಿ ನಡೆದು 2010ರಲ್ಲಿ ಫಲಿತಾಂಶ ಕೊಟ್ಟ ಇಂಟರ್‌ಫೋನ್ ಅಧ್ಯಯನದಲ್ಲಿ, ಗೆಡ್ಡೆ ಇದ್ದವರನ್ನೂ ಇಲ್ಲದವರನ್ನೂ ಕೂರಿಸಿಕೊಂಡು, ದಿನಕ್ಕೆಷ್ಟು ಹೊತ್ತು ಮಾತಾಡಿದಿರಿ, ಯಾವ ಕಿವಿಗೆ ಹಿಡಿದಿರಿ ಎಂದು ಕೇಳಿದರು. ಹತ್ತು ವರ್ಷದ ಹಿಂದಿನ ಹರಟೆಯನ್ನು ಯಾರು ಬರೆದಿಟ್ಟಿರುತ್ತಾರೆ? ದಿನಕ್ಕೆ 12 ಗಂಟೆಗೂ ಮೀರಿ ಮಾತಾಡುತ್ತಿದ್ದೆವು ಎಂದವರೂ ಸಿಕ್ಕರು. ಕೂಡಿ ಕಳೆದು ನೋಡಿದರೆ, ಬಳಸುವವರಿಗೆ ಒಟ್ಟಾರೆ ಬಳಸದವರಿಗಿಂತ ಗೆಡ್ಡೆಯ ಅಪಾಯ ಕಮ್ಮಿ ಎಂದು ಬಂತು. ಅತಿ ಹೆಚ್ಚು ಮಾತಾಡಿದ ಹತ್ತನೇ ಒಂದು ಪಾಲಿನವರಲ್ಲಿ ಮಾತ್ರ ಒಂದು ಬಗೆಯ ಗೆಡ್ಡೆ ತುಸು ಹೆಚ್ಚು. ಎರಡನ್ನೂ ಪೂರ್ತಿ ನಂಬಲು ಸಂಶೋಧಕರಿಗೇ ಧೈರ್ಯ ಬರಲಿಲ್ಲ.

ಮಾರನೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊಬೈಲಿನ ಅಲೆಗಳನ್ನು 'ಕ್ಯಾನ್ಸರ್ ತಂದರೂ ತರಬಹುದು' ಎಂಬ ಪಂಗಡಕ್ಕೆ ಸೇರಿಸಿತು. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಅದೇ ಪಂಗಡದಲ್ಲಿದೆ. ಟವರ್ ಬೇಡವೆಂದು ಧರಣಿ ಕೂತವರುಂಟು. ಉಪ್ಪಿನಕಾಯಿ ಜಾಡಿಯ ಮುಂದೆ ಕೂತವರನ್ನು ನಾನಂತೂ ಕಂಡಿಲ್ಲ. ತಮಾಷೆಯೆಂದರೆ, ಸಿಗ್ನಲ್ ಕ್ಷೀಣವಾದಷ್ಟೂ ಫೋನು ಟವರನ್ನು ಮುಟ್ಟಲು ತನ್ನ ಕಸುವು ಹೆಚ್ಚಿಸುತ್ತದೆ. ಟವರನ್ನು ಊರಾಚೆ ಓಡಿಸಿ, ತೋಟದ ಮೂಲೆಯಲ್ಲಿ ನಿಂತು "ಹಲೋ, ಕೇಳ್ತೈತಾ?" ಎಂದು ಕೂಗುವವನ ಕಿವಿಗೇ ಅಲೆ ಜಾಸ್ತಿ.

2008ರಲ್ಲಿ ಒಂದು ವಿಡಿಯೊ ಓಡಾಡಿತು: ಸುತ್ತ ಮೊಬೈಲುಗಳನ್ನಿಟ್ಟು ರಿಂಗ್ ಕೊಟ್ಟರೆ ನಡುವಿನ ಮೆಕ್ಕೆಜೋಳ ಚಟಚಟ ಅರಳುತ್ತದೆ! ಅದು ಕಿವಿಗೆ ಸಿಕ್ಕಿಸುವ ಬ್ಲೂಟೂತ್ ಮಾರುವ ಕಂಪನಿಯ ಜಾಹೀರಾತು. ಹೊಳಲ್ಕೆರೆ ಸೀಮೆಯವರಿಗೆ ಅದು ಸುಳ್ಳೆಂದು ಹೊಳೆಯಬೇಕಿತ್ತು. ಜೋಳದ ರಾಶಿಯ ಮೇಲೇ ಕೂತು ದಲ್ಲಾಳಿಗೆ ಅಷ್ಟು ಫೋನು ಮಾಡುತ್ತಾರಲ್ಲ, ಒಂದು ಕಾಳಾದರೂ ಸಿಡಿದಿದೆಯೇ? ಆದರೂ ಹೋದ ಸುಗ್ಗಿಯಲ್ಲಿ ನಮ್ಮ ದೊಡ್ಡಮ್ಮ ಆ ವಿಡಿಯೊವನ್ನು ನನಗೆ ತೋರಿಸಿ, "ನೋಡಪ್ಪಾ, ಮಿದುಳೂ ಹಿಂಗೇ ಆಗ್ತತೆ" ಎಂದರು. ತೋರಿಸಿದ್ದು ಮೊಬೈಲಿನಲ್ಲೇ.

ಹುಡುಗರದ್ದೇ ಲೆಕ್ಕ ಬೇಕೆಂದರೆ ಮೋಬಿ-ಕಿಡ್ಸ್ ಎಂಬ ಅಧ್ಯಯನ ಇದೆ. ಭಾರತವೂ ಸೇರಿ 14 ದೇಶ, 10ರಿಂದ 24 ವರ್ಷದವರು, ಗೆಡ್ಡೆಯಿದ್ದವರು ಸುಮಾರು 900. 2021ರ ಕೊನೆಗೆ ಬಂದ ಫಲಿತಾಂಶದಲ್ಲಿ ಮೊಬೈಲಿಗೂ ಗೆಡ್ಡೆಗೂ ನಂಟು ಕಾಣಲಿಲ್ಲ. ಆದರೆ ಅಷ್ಟು ಹೊತ್ತಿಗೆ ಹುಡುಗರು ಫೋನನ್ನು ಕಿವಿಗೆ ಹಿಡಿಯುವುದನ್ನೇ ಬಿಟ್ಟಿದ್ದರು. ವಿಜ್ಞಾನ ಕಿವಿಯ ಹತ್ತಿರ ಕಾಯುತ್ತಿದ್ದಾಗ ಫೋನು ಅಂಗೈಗೆ ಇಳಿದು ಕಂಬಳಿಯೊಳಗೆ ಸೇರಿತ್ತು. ಅಲ್ಲಿ ಅದು ಕದಿಯುವುದು ನಿದ್ದೆಯನ್ನು. ನನಗೆ ಅಲೆಗಿಂತ ಈ ಕಳ್ಳತನದ ಭಯ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಫೋನಿಗೆ ಅಂಟಿಕೊಂಡವರಿಗೆಂದು 'ಶಟ್' ಕ್ಲಿನಿಕ್ ತೆರೆಯಿತು. ಅದರ ಕಾಳಜಿ ಅಲೆಯದ್ದಲ್ಲ, ಬಿಡಲಾಗದ ಚಟದ್ದು. ಮಗನನ್ನು ಅಲ್ಲಿಗೆ ಕರೆದೊಯ್ಯುವ ಅಪ್ಪನ ಜೇಬಿನಲ್ಲಿ ಎಷ್ಟು ಸಲ ಟಿಂಗ್ ಎಂದಿರುತ್ತದೋ.

ಇಷ್ಟೆಲ್ಲ ಓದಿಕೊಂಡ ಹುಮ್ಮಸ್ಸಿನಲ್ಲಿ, ಮೊನ್ನೆ ಅಡಿಕೆ ಸುಲಿಯುತ್ತಿದ್ದವರ ನಡುವೆ ಕೂತು, ಸ್ಟಾರ್, ಹ್ಯಾಶ್, ಸೊನ್ನೆ, ಏಳು, ಹ್ಯಾಶ್ ಒತ್ತಿಸಿದೆ. ಫೋನಿನ ಅಲೆಯನ್ನು ದೇಹ ಎಷ್ಟು ಹೀರುತ್ತದೆಂಬ ಅಂಕಿ, ಅಂದರೆ ಸಾರ್, ತೆರೆಯ ಮೇಲೆ ಬರುತ್ತದೆ. ನಮ್ಮ ದೇಶದಲ್ಲಿ ಅದು ಕಿಲೋಗ್ರಾಂಗೆ 1.6 ವ್ಯಾಟ್ ಮೀರಬಾರದು ಎಂದು ವಿವರಿಸಿದೆ. ಕತ್ತಿ ಕೆಳಗಿಟ್ಟು ಎಲ್ಲರೂ ಒತ್ತಿದರು.

"ನಂದು ಒಂದು ಪಾಯಿಂಟ್ ಎರಡು ಐತೆ!"

"ನಂದು ಬರೀ ಸೊನ್ನೆ ಪಾಯಿಂಟ್ ಆರು ಕಣಣ್ಣ," ಎಂದ ಪಕ್ಕದವನ ಮುಖ ಸಪ್ಪಗಾಯಿತು. "ಅಂಗಡಿಯೋನು ಸರಿಯಾಗಿ ಟೋಪಿ ಹಾಕವ್ನೆ."