ಫಿರಂಗಿ ಎಳೆದ ಎತ್ತು

ಕಡೂರು ಬಸ್ ನಿಲ್ದಾಣದ ಎದುರಿನ ಹೋಟೆಲು. ರಾಜ್ಯಶಾಸ್ತ್ರದ ನಿವೃತ್ತ ಮೇಷ್ಟ್ರ ಎದುರಿಗೆ ಅಜ್ಜಂಪುರದ ಈರುಳ್ಳಿ ಗೌಡರು.

"ಗೌಡ್ರೇ, ಯುರೋಪಿಗೆ ಗಂಡಾಂತರ! ರಷ್ಯಾ ಉಕ್ರೇನಿಗೆ ನುಗ್ಗಿದ್ದೇ ತಡ, ಫಿನ್ಲೆಂಡು, ಸ್ವೀಡನ್ನು ಓಡಿಬಂದು ನ್ಯಾಟೋ ಸೇರಿದವು. 2025ರ ಜೂನಿನಲ್ಲಿ ನ್ಯಾಟೋ ನಾಯಕರೆಲ್ಲ ಹೇಗ್ ನಗರದಲ್ಲಿ ಕೂತು, 2035ರೊಳಗೆ ಜಿಡಿಪಿಯ ಶೇ. 5ರಷ್ಟನ್ನು ರಕ್ಷಣೆ, ಭದ್ರತೆಗೇ ಸುರೀತೀವಿ ಅಂತ ಮಾತು ಕೊಟ್ರು."

"ಅದಿರ್ಲಿ ಮೇಷ್ಟ್ರೇ, ನಿಮ್ಮ ಪೆನ್ಷನ್ ಬಂತಾ?"

ಮೇಷ್ಟ್ರು ಕಾಫಿ ಲೋಟವನ್ನೇ ದಿಟ್ಟಿಸಿದರು. "ಅದು ಆಂತರಿಕ ಭದ್ರತೆ ವಿಷಯ."

"ಓದ್ಸೋಕೂ ಹಿಂಗೇ ಏನಾರ ಲೆಕ್ಕ ಐತಾ?"

"ಇಲ್ದೇ ಏನು! ಕೊಠಾರಿ ಆಯೋಗ 1966ರಲ್ಲೇ ರಾಷ್ಟ್ರೀಯ ಆದಾಯದ ಶೇ. 6 ಅಂದಿತ್ತು. ನ್ಯಾಟೋಗಿಂತ ನಾವೇ ಒಂದು ಜಾಸ್ತಿ!"

"ಕೊಟ್ರಾ?"

"ಅಂದಿತ್ತು ಅಂದೆ." ಮೇಷ್ಟ್ರು ದನಿ ತಗ್ಗಿಸಿದರು. "2025ರ ಫೆಬ್ರವರಿಯಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯ ಮುಚ್ಚೋಣ ಅಂತ ನಮ್ಮ ರಾಜ್ಯದ ಸಂಪುಟ ಉಪಸಮಿತಿ ಶಿಫಾರಸು ಮಾಡ್ತು. ನಮ್ಮ ಜಿಲ್ಲೆಗೆ ಹೊಸದು ಕೊಟ್ಟೇ ಇರ್ಲಿಲ್ಲ, ಮುಚ್ಚೋ ಪ್ರಶ್ನೆಯೇ ಇಲ್ಲ. ದೂರದೃಷ್ಟಿ ಅಂದ್ರೆ ಇದು!"

"ಯುದ್ಧ ಅಂದ್ರೇನೇ ದುಡ್ಡು ಹುಟ್ಟೋದು ಅನ್ನಿ. ನಮ್ಮೂರ ಅಮೃತ್ ಮಹಲ್ ದನಾನೇ ನೋಡಿ. ಹೈದರ್, ಟಿಪ್ಪು ಕಾಲದಾಗೆ ಫಿರಂಗಿ ಎಳೆದ ತಳಿ. ಇವತ್ತಿಗೂ ಅಜ್ಜಂಪುರದಾಗೆ ಸರ್ಕಾರಿ ಸಂವರ್ಧನ ಕೇಂದ್ರ, ಹುಲ್ಲು, ನೀರು, ಡಾಕ್ಟ್ರು! ನೀವು ಮೂವತ್ತು ವರ್ಷ ಪಾಠ ಎಳೆದ್ರಿ. ಒಂದೇ ಒಂದು ಫಿರಂಗಿ ಎಳೆದಿದ್ರೆ..."

ತರೀಕೆರೆ ಬಸ್ಸು ಹಾರನ್ ಹೊಡೆಯಿತು. ಮೇಷ್ಟ್ರು ಎದ್ದು ಓಡಿದರು. ಕಾಫಿ ದುಡ್ಡು ಗೌಡರೇ ಕೊಟ್ಟರು.