ವೆಬಿನಾರಣ್ಣ

ನಮ್ಮ ಕಡೆ ಈಗ ಊರಿಗೊಬ್ಬ ವೆಬಿನಾರಣ್ಣ ಇದ್ದಾನೆ. ಮಣಿಪಾಲದವನು ಫ್ಲ್ಯಾಟಿನ ಮೇಲಿನ ಮಹಡಿಯಲ್ಲಿರುತ್ತಾನೆ, ಕಾರ್ಕಳದವನು ಅಡಿಕೆ ತೋಟದ ನಡುವೆ. ನಾನು ಹೇಳುವುದು ಕಾಪುವಿನ ತಳಿಯ ವಿಷಯ. ಓದಿದ್ದು ನಿಟ್ಟೆಯಲ್ಲೋ ಬಂಟಕಲ್ಲಿನಲ್ಲೋ, ಕೆಲಸಕ್ಕೆ ಸೇರಿದ್ದು ಬೆಂಗಳೂರಿನಲ್ಲಿ. 2020ರ ಲಾಕ್‌ಡೌನಿಗೆ ಒಂದು ಬ್ಯಾಗು ಹಿಡಿದು ಊರಿಗೆ ಬಂದವನು ಇವತ್ತಿಗೂ "ಮುಂದಿನ ತಿಂಗಳು ಹೋಗ್ಬೇಕು" ಅನ್ನುತ್ತಾ ಚಾವಡಿಯಲ್ಲೇ ಆಫೀಸು ಹೂಡಿದ್ದಾನೆ. ಕೆಲಸ ಎಂಬೆಡೆಡ್ ಸಾಫ್ಟ್‌ವೇರ್. "ಅಂದ್ರೆ ಎಂತದು ಮಾರಾಯ?" ಎಂದು ಮದುವೆಮನೆಯಲ್ಲಿ ಯಾರೋ ಕೇಳಿದ್ದಕ್ಕೆ ವಾಷಿಂಗ್ ಮೆಷಿನ್ನಿನ ಉದಾಹರಣೆ ಕೊಟ್ಟ. ಅಂದಿನಿಂದ ಆ ಮನೆಯ ವಾಷಿಂಗ್ ಮೆಷಿನ್ ಕೆಟ್ಟಾಗಲೆಲ್ಲ ಫೋನು ಬರುವುದು ಇವನಿಗೇ.

ಇವನು ಕೇಳುಗನಾಗಿರುವಾಗ ಒಂದು ರೀತಿ, ಭಾಷಣಕಾರನಾದಾಗ ಇನ್ನೊಂದು ರೀತಿ. ಒಬ್ಬನನ್ನು ಕಂಡವರು ಇನ್ನೊಬ್ಬನನ್ನು ಗುರುತಿಸಲಾರರು.

ಕೇಳುಗನಾಗಿ ಇವನು ಮಹಾ ನಿಷ್ಠಾವಂತ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ 11 ಗಂಟೆ ಎಂದರೆ ಇಲ್ಲಿ ರಾತ್ರಿ ಎಂಟೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟರೆ ಒಂಬತ್ತೂವರೆ. ಅವನಿಗಿದು ಬಾಯಿಪಾಠ. ಅಮ್ಮನಿಗೆ ಮಾತ್ರ ತಲೆಗೆ ಹೋಗುವುದಿಲ್ಲ: "ಅವರಲ್ಲಿ ಚಳಿಯಾದ್ರೆ ನಮ್ಮ ಊಟ ಯಾಕೆ ಒಂದು ಗಂಟೆ ತಡ?" ಕೊನೆಗೆ ಬಟ್ಟಲು ಲ್ಯಾಪ್‌ಟಾಪಿನ ಪಕ್ಕಕ್ಕೇ ಬರುತ್ತದೆ. ಕ್ಯಾಮೆರಾ ಬಂದ್, ಮೈಕು ಬಂದ್, ಬಾಯಿ ಮಾತ್ರ ಚಾಲೂ.

ಇಂಥ ಉಪನ್ಯಾಸಗಳಲ್ಲಿ ಎರಡು ಕಥೆ ಬಂದೇ ಬರುತ್ತವೆ. 1996ರ ಜೂನ್ 4ರಂದು 64 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ಟಿನ ಜಾಗಕ್ಕೆ ತುರುಕಲು ಹೋಗಿ, ಏರಿಯನ್ 5 ರಾಕೆಟ್ ಹಾರಿದ ನಿಮಿಷದೊಳಗೇ ಸಿಡಿದದ್ದು ಒಂದು. 1997ರಲ್ಲಿ ಮಂಗಳದ ಮೇಲೆ ಇಳಿದ ಪಾತ್‌ಫೈಂಡರಿನಲ್ಲಿ ಹವಾಮಾನ ನೋಡುವ ಚಿಲ್ಲರೆ ಕೆಲಸವೊಂದು ಬೀಗ ಹಿಡಿದು ಕೂತು, ಮುಖ್ಯ ಕೆಲಸ ಕಾದು ಕಾದು, ಇಡೀ ಯಂತ್ರ ಮತ್ತೆ ಮತ್ತೆ ರೀಸೆಟ್ ಆದದ್ದು ಇನ್ನೊಂದು. ವೆಬಿನಾರಣ್ಣ ಈ ರಾಕೆಟ್ ಸಿಡಿಯುವ ಹೊತ್ತಿಗೆ ಮಜ್ಜಿಗೆ ಕಲಸಿಕೊಂಡು, ಪಾತ್‌ಫೈಂಡರನ್ನು ಭೂಮಿಯಿಂದಲೇ ಸರಿಪಡಿಸುವಾಗ ಕೈ ತೊಳೆಯಲು ಏಳುತ್ತಾನೆ. ಪ್ರಶ್ನೋತ್ತರದ ಹೊತ್ತಿಗೆ ಸರಿಯಾಗಿ ವಾಪಸು. ಅಲ್ಲಿ ಅವನ ಪ್ರಶ್ನೆಯೂ ಒಂದೇ: "ಹದಿನೇಳನೇ ಸ್ಲೈಡಿನ ಕೋಡಿನಲ್ಲಿ ಆ ವೇರಿಯಬಲ್‌ಗೆ ವೋಲಟೈಲ್ ಹಾಕಿಲ್ಲ ಯಾಕೆ?" ಇಂಟರಪ್ಟ್ ಬಂದು ಬದಲಿಸಿ ಹೋಗುವ ವೇರಿಯಬಲ್ಲಿಗೆ ಆ ಪದ ಹಾಕದಿದ್ದರೆ ಕಂಪೈಲರು ಹಳೆಯ ಬೆಲೆಯನ್ನೇ ನಂಬಿಕೊಂಡು ಕೂರುತ್ತದೆ, ತಪ್ಪು ಹೌದು. ಆದರೆ ಅದನ್ನು ಹಿಡಿದಾಗ ಅವನ ಮುಖದಲ್ಲಿ ಮೂಡುವ ತೃಪ್ತಿಯನ್ನು ಬಂಗುಡೆ ಪುಳಿಮುಂಚಿಯೂ ಮೂಡಿಸಿದ್ದಿಲ್ಲ.

ಹೀಗಿದ್ದವನಿಗೆ ಒಂದು ದಿನ ಕಾಲೇಜೊಂದರಿಂದ ಕರೆ ಬರುತ್ತದೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನೀವೇ ಮಾತಾಡಬೇಕು ಸರ್.

ಶುಕ್ರವಾರ ರಾತ್ರಿಯಿಂದಲೇ ಮನೆಯಲ್ಲಿ ಸೂತಕದ ಮೌನ. ಇನ್ವರ್ಟರಿನ ನೀರು ನೋಡಿ ಆಯಿತು. ಪಕ್ಕದ ಮನೆಯ ವೈಫೈ ಪಾಸ್‌ವರ್ಡ್ ಕೇಳಿ ಆಯಿತು. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಮುಂಡು. ಹನ್ನೊಂದಕ್ಕೆ ಸರಿಯಾಗಿ "ಆಮ್ ಐ ಆಡಿಬಲ್?" ಎಂದ. ಯಾರೂ ಮಾತಾಡಲಿಲ್ಲ. ಮೈಕ್ರೊಸೆಕೆಂಡಿನ ಲೆಕ್ಕದಲ್ಲಿ ಬದುಕುವ ಮನುಷ್ಯ ಅರ್ಧ ನಿಮಿಷ ಹಾಗೇ ಕೂತ. ನೂರಕ್ಕೂ ಮಿಕ್ಕಿ ಕಪ್ಪು ಚೌಕಗಳು, ಒಂದಕ್ಕೂ ಮುಖವಿಲ್ಲ. ಕೊನೆಗೊಂದು ಚೌಕ ಬರೆಯಿತು: "ಸರ್, ಸರ್ಟಿಫಿಕೇಟ್ ಇವತ್ತೇ ಸಿಗ್ತದಾ?"

ಡೆಮೊ ಇಲ್ಲದೆ ಎಂಬೆಡೆಡ್ ಉಪನ್ಯಾಸವಿಲ್ಲ. ಪುಟ್ಟ ಬೋರ್ಡಿನ ಮೇಲೆ ಎಲ್‌ಇಡಿ ಮಿನುಗಿಸಬೇಕು, ಅಷ್ಟೇ. ರಾತ್ರಿ ಹತ್ತು ಸಲ ಮಿನುಗಿದ್ದು ಬೆಳಿಗ್ಗೆ ಮಿನುಗಲಿಲ್ಲ. ಸಮುದ್ರದ ಉಪ್ಪುಗಾಳಿಗೆ ಪಿನ್ನುಗಳು ಹಸಿರುಗಟ್ಟುವ ಊರು ಇದು; ಎಲ್ಲೋ ಲೂಸ್ ಕನೆಕ್ಷನ್. ವಯರು ಒತ್ತಿದ, ಎಳೆದ, ಬೆರಳಲ್ಲಿ ತಟ್ಟಿದ. ಆಗ ಚಾಟಿನಲ್ಲಿ ಯಾರೋ ಊರಿನವನೇ ಇರಬೇಕು: "ಸರ್, ನಿಮ್ಮೂರಿನ ಲೈಟ್‌ಹೌಸ್ 1901ರಿಂದ ಮಿನುಗ್ತಾ ಉಂಟು."

ಅದೇ ಹೊತ್ತಿಗೆ ಗೇಟಿನಲ್ಲಿ ಮೀನಿನ ಸ್ಕೂಟರಿನ ಹಾರ್ನ್. ಹಿಂದಿನಿಂದ ಅಮ್ಮನ ದನಿ, ಯಾವ ಮೈಕಿನ ಹಂಗೂ ಇಲ್ಲದೆ: "ಮಗಾ, ಬಂಗುಡೆ ಬೇಕಾ ಬೂತಾಯಿ ಸಾಕಾ?" ಅಷ್ಟು ಹೊತ್ತು ಸತ್ತಂತಿದ್ದ ಚಾಟಿಗೆ ಜೀವ ಬಂತು. ಬಂಗುಡೆ ಸರ್. ಬಂಗುಡೆ. ಬೂತಾಯಿ, ಅದ್ರಲ್ಲಿ ಒಮೆಗಾ ತ್ರೀ ಉಂಟು. ಬಂಗುಡೆ. ಮತದಾನ ನಡೆದೇ ಹೋಯಿತು.

ನ್ಯಾಯವಾಗಿ ಹೇಳಬೇಕು, ಆಮೇಲಿನ ಹತ್ತು ನಿಮಿಷ ಅವನು ಅದ್ಭುತವಾಗಿ ಮಾತಾಡಿದ. ಮಾನ ಹೋದ ಮೇಲೆ ಭಯ ಎಲ್ಲಿಯದು? ಸ್ಲೈಡು ಬದಿಗಿಟ್ಟು ರೌಂಡ್ ರಾಬಿನ್ ಶೆಡ್ಯೂಲಿಂಗನ್ನು ಉಡುಪಿಯ ಪರ್ಯಾಯದಲ್ಲಿ ವಿವರಿಸಿದ. "ಎಂಟು ಮಠ, ಎಂಟು ಟಾಸ್ಕ್. ಕೃಷ್ಣ ಒಬ್ಬನೇ, ಪ್ರೊಸೆಸರ್ ಒಂದೇ. ಒಬ್ಬೊಬ್ಬರಿಗೆ ಎರಡು ವರ್ಷ. ಮುಗಿದ ಮೇಲೆ ಹದಿನಾಲ್ಕು ವರ್ಷ ಕಾಯ್ಬೇಕು. ಮೊದಲು ಎರಡೆರಡು ತಿಂಗಳೇ ಇತ್ತು, ಎರಡು ವರ್ಷ ಮಾಡಿದ್ದು ವಾದಿರಾಜರು. ಟೈಮ್ ಸ್ಲೈಸ್ ತೀರಾ ಸಣ್ಣದಾದ್ರೆ ಅಧಿಕಾರ ಕೊಡುದು ತಕ್ಕೊಳ್ಳುದ್ರಲ್ಲೇ ಹೊತ್ತು ಹೋಗ್ತದೆ. ಅದಕ್ಕೇ ಕಾಂಟೆಕ್ಸ್ಟ್ ಸ್ವಿಚ್ ಖರ್ಚು ಅನ್ನುದು." ಪಠ್ಯಪುಸ್ತಕ ಬರೆಯುವವರಿಗೆ ಇದು ಹೊಳೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

"ಸರ್, ಇದ್ರಲ್ಲಿ ಪ್ರಿಎಂಪ್ಷನ್ ಉಂಟಾ? ಮಧ್ಯದಲ್ಲೇ ಎಬ್ಬಿಸುದು?"

"ಅದು ಅಡ್ವಾನ್ಸ್‌ಡ್ ಟಾಪಿಕ್," ಎಂದವನೇ ಮುಂದಿನ ಸ್ಲೈಡಿಗೆ ಹಾರಿದ.

ಮುಂದಿನ ಸ್ಲೈಡಿನಲ್ಲಿ ಕೋಡು ಇತ್ತು. ಚಾಟಿನಲ್ಲಿ ಕಾರ್ಕಳದ ವೆಬಿನಾರಣ್ಣ ಬರೆದ: "ಇದಕ್ಕೆ ವೋಲಟೈಲ್ ಹಾಕಿಲ್ಲ ಯಾಕೆ?" ಸರಿಯಾಗಿ ಆಗಲೇ ಕರೆಂಟು ಹೋಯಿತು. ಹೋಯಿತೋ, ತೆಗೆದನೋ, ಇವತ್ತಿಗೂ ಅವನು ಬಾಯಿಬಿಟ್ಟಿಲ್ಲ.

ಮಧ್ಯಾಹ್ನ ಬಂಗುಡೆ ಬಡಿಸುತ್ತಾ ಅಮ್ಮ ಕೇಳಿದರು: "ಎಷ್ಟು ಜನ ಬಂದಿದ್ರಾ?"

"ನೂರರ ಮೇಲೆ ಇದ್ರು, ಅಮ್ಮ."

ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು. "ಅಷ್ಟು ಜನರನ್ನು ಒಂದು ಚಾ ಕೂಡ ಕೊಡದೆ ಕಳಿಸಿದ್ಯಾ?"