ಭಾವನೆ ಅಪ್‌ಲೋಡ್ ಆಗಲಿಲ್ಲ

"ಮೇಷ್ಟ್ರೇ, ದೀಕ್ಷಾ ಆ್ಯಪಿನ ತರಬೇತಿ ಮುಗೀತಾ?"

"ವಿಡಿಯೋ ಓಡ್ತಿದೆ ಸರ್, ನಾನು ಹಾಜರಿ ಕರೀತಿದ್ದೀನಿ."

"ನೋಡ್ತಿಲ್ವಾ?"

"ನಿಂತುಹೋಯ್ತಾ ಅಂತ ಆಗಾಗ ನೋಡ್ತೀನಲ್ಲ!"

(2017ರಲ್ಲಿ ದೀಕ್ಷಾ ಬಂತು, 2020ರಲ್ಲಿ ಶಿಕ್ಷಕರ ನಿಷ್ಠಾ ತರಬೇತಿಯೂ ಅದನ್ನೇ ಏರಿತು. ದೀಕ್ಷೆ, ನಿಷ್ಠೆ ಎರಡೂ ಈಗ ಫೋನಿನಲ್ಲೇ. ನೆಟ್‌ವರ್ಕ್ ಮಾತ್ರ ನೀರಿನ ಟ್ಯಾಂಕಿನ ಮೇಲೆ.)

"ಕೊನೇಲಿ ನಿಮ್ಮ ಭಾವನೆ ಕೇಳಿದ್ರಲ್ಲ?"

"ಭಯ, ಸಿಟ್ಟು, ನಾಚಿಕೆ ಅಂತ ಟೈಪ್ ಮಾಡಿದೆ, ತಗೊಳ್ಲಿಲ್ಲ. ಐದು ನಕ್ಷತ್ರ ಒತ್ತಿದೆ, ತಗೊಂಡ್ತು."

"ನಾಚಿಕೆ ಯಾಕ್ರೀ?"

"ಮೂವತ್ತು ವರ್ಷ ಸರ್ವೀಸು ಸರ್. ಓಟಿಪಿ ಎಲ್ಲಿ ಹಾಕ್ಬೇಕು ಅಂತ ಏಳನೇ ಕ್ಲಾಸಿನ ಹುಡುಗಿ ತೋರಿಸಿದ್ಲು. 'ಹೆದರ್ಬೇಡಿ ಸಾ, ಒತ್ತಿ' ಅಂದ್ಲು. ಅಷ್ಟು ಮೆತ್ತಗೆ ನಾನು ಯಾರಿಗೂ ಮಗ್ಗಿ ಹೇಳಿಕೊಟ್ಟಿಲ್ಲ."

"ಸರ್ಟಿಫಿಕೇಟ್?"

"ಡೌನ್‌ಲೋಡ್ ಮಾಡ್ಬೇಕು. ಅವಳು ಇವತ್ತು ರಜೆ."